‘ಅಪರೂಪದ್ದು’ ಅಂತ ಹಳೆಯ ಕ್ರಿಸ್ಮಸ್ ಆರ್ನಮೆಂಟ್‌ಗೆ ದುಡ್ಡು ಸುರಿಯುವ ಮುಂಚೆ

ಅಮೆರಿಕದಲ್ಲಿರುವ ಕನ್ನಡದವರಿಗೆ ಒಂದು ಮಾತು. ಡಿಸೆಂಬರ್ ಹತ್ತಿರ ಬಂತು ಅಂದರೆ ಆನ್‌ಲೈನ್‌ನಲ್ಲಿ ಹಳೆಯ ವೈಟ್‌ಹೌಸ್ ಆರ್ನಮೆಂಟ್‌ಗಳ, ಅಂದರೆ ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಅಲಂಕಾರಗಳ, ಮಾರಾಟ ಜೋರಾಗುತ್ತದೆ. "ಅಪರೂಪದ್ದು, ಈಗ ಎಲ್ಲೂ ಸಿಗಲ್ಲ" ಅಂತ ಬರೆದಿದ್ದರೆ ನಂಬಬೇಡಿ. 120 ಡಾಲರ್ ತೆಗೆದುಕೊಂಡು ನನಗೆ ಎಂಥ ಮಾಲು ಕಳಿಸಿದರು ಅಂತ ಕೇಳಿ.

ವೈಟ್‌ಹೌಸ್ ಹಿಸ್ಟಾರಿಕಲ್ ಅಸೋಸಿಯೇಷನ್ ಅನ್ನುವ ಸಂಸ್ಥೆ 1981ರಿಂದ ವರ್ಷಕ್ಕೊಂದು ಆರ್ನಮೆಂಟ್ ತರುತ್ತಿದೆ. ಮೊದಲನೆಯದು ಹಾರುತ್ತಿರುವ ದೇವದೂತ. 1982ರಲ್ಲಿ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಅಲ್ಲಿಂದ ಹೆಚ್ಚುಕಮ್ಮಿ ಸರದಿ ಪ್ರಕಾರ ಒಬ್ಬೊಬ್ಬ ಅಧ್ಯಕ್ಷರ ನೆನಪಿಗೆ ಒಂದೊಂದು. 2024ರದ್ದು ಕಾರ್ಟರ್.

ನನಗೆ ಬೇಕಿದ್ದದ್ದು 2016ರದ್ದು, ಮಗಳು ಹುಟ್ಟಿದ ವರ್ಷದ್ದು. ಅದು ಅಧ್ಯಕ್ಷ ಹರ್ಬರ್ಟ್ ಹೂವರ್ ಅವರದು, ಆಕಾರ ಫೈರ್ ಎಂಜಿನ್. ಕ್ರಿಸ್ಮಸ್‌ಗೂ ಫೈರ್ ಎಂಜಿನ್‌ಗೂ ಏನು ಸಂಬಂಧ ಅಂತೀರಾ? ಹೂವರ್ ಅಧ್ಯಕ್ಷರಾಗಿದ್ದಾಗ, 1929ರ ಡಿಸೆಂಬರ್ 24ರ ರಾತ್ರಿ ವೈಟ್‌ಹೌಸ್‌ನ ವೆಸ್ಟ್ ವಿಂಗ್‌ಗೆ, ಅಂದರೆ ಕಚೇರಿಗಳಿರುವ ಭಾಗಕ್ಕೆ, ಬೆಂಕಿ ಬಿತ್ತು. ಆಗ ಮುಖ್ಯ ಕಟ್ಟಡದಲ್ಲಿ ಸಿಬ್ಬಂದಿಯ ಮಕ್ಕಳಿಗೆ ಕ್ರಿಸ್ಮಸ್ ಪಾರ್ಟಿ ನಡೀತಿತ್ತು. ಮರುವರ್ಷದ ಹಬ್ಬಕ್ಕೆ ಹೂವರ್ ದಂಪತಿ ಆ ಮಕ್ಕಳಿಗೆ ಆಟಿಕೆ ಫೈರ್ ಎಂಜಿನ್ ಕೊಟ್ಟರು. ಇಂಥ ಕಥೆ ಇರುವುದಕ್ಕೇ ಜನ ಇವನ್ನು ಹುಡುಕಿಕೊಂಡು ಹೋಗುವುದು.

ಕೆಲಸವೂ ಸಣ್ಣದಲ್ಲ. ರೋಡ್ ಐಲೆಂಡ್‌ನ ಕೆಮ್‌ಆರ್ಟ್ ಕಂಪನಿ ಇವನ್ನು ಮಾಡುತ್ತದೆ. ತೆಳ್ಳನೆಯ ಹಿತ್ತಾಳೆ ತಗಡಿನ ಮೇಲೆ ಫೋಟೋ ಥರ ವಿನ್ಯಾಸ ಮೂಡಿಸಿ, ಬೇಡದ ಲೋಹವನ್ನು ರಾಸಾಯನಿಕದಲ್ಲಿ ಕರಗಿಸುತ್ತಾರೆ. ಕೂದಲೆಳೆಯಂಥ ಗೆರೆಗಳು ಬರುವುದು ಹಾಗೆ. ಮೇಲೆ 24 ಕ್ಯಾರೆಟ್ ಚಿನ್ನದ ಲೇಪ. ಬಿಡಿ ಭಾಗಗಳನ್ನು ಕೈಯಲ್ಲೇ ಜೋಡಿಸುತ್ತಾರೆ. ಲೇಪ ಮಾತ್ರ ಬಹಳ ತೆಳು, ಅದನ್ನು ಮರೀಬೇಡಿ.

ನನ್ನ ಮಾರಾಟಗಾರನ ಜಾಹೀರಾತಿನಲ್ಲಿ "ಡಬ್ಬಿಯಿಂದ ತೆಗೆದೇ ಇಲ್ಲ" ಅಂತಿತ್ತು. ಬಂದದ್ದನ್ನು ಕಿಟಕಿ ಹತ್ತಿರ ಹಿಡಿದು ನೋಡಿದರೆ ಚಕ್ರದ ಅಂಚಿನಲ್ಲಿ, ಏಣಿಯ ಮೆಟ್ಟಿಲ ಮೇಲೆ ಚಿನ್ನವೇ ಇಲ್ಲ, ಕೆಳಗಿನ ಹಿತ್ತಾಳೆ ಬೋಳಾಗಿ ಕಾಣುತ್ತಿತ್ತು. ಗೆರೆಗಳ ಸಂದಿಯಲ್ಲಿ ಬಿಳಿ ಪುಡಿ. ಯಾರೋ ಪಾಲಿಶ್ ಹಾಕಿ ಚೆನ್ನಾಗಿ ತಿಕ್ಕಿದ್ದಾರೆ. (ನಮ್ಮ ಮನೆಗಳಲ್ಲೂ ಹಿತ್ತಾಳೆ ಅಂದ ತಕ್ಷಣ ಹುಣಸೆಹಣ್ಣು ಎತ್ತಿಕೊಳ್ಳುವವರಿದ್ದಾರೆ. ಇದಕ್ಕೆ ಬೇಡ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.) ಎಲ್ಲಕ್ಕಿಂತ ಮಜಾ ಅಂದರೆ ಜೊತೆಗಿದ್ದ ಪುಸ್ತಕ. ಪ್ರತಿ ಆರ್ನಮೆಂಟ್ ಜೊತೆ ಆ ವರ್ಷದ ಕಥೆಯ ಚಿಕ್ಕ ಪುಸ್ತಕ ಬರುತ್ತದೆ. ನನ್ನ ಡಬ್ಬಿಯೊಳಗಿದ್ದದ್ದು 2015ರದ್ದು, ಕೂಲಿಡ್ಜ್ ಅವರದು!

ಕೇಳಿದ್ದಕ್ಕೆ "ಹಳೇ ವಸ್ತು ಅಂದ್ಮೇಲೆ ಹೀಗೇ ಇರುತ್ತೆ, ಸಂಗ್ರಹದ ಸಾಮಾನು ವಾಪಸ್ ತಗೊಳ್ಳಲ್ಲ" ಅಂತ ಉತ್ತರ. ಆಮೇಲೆ ಉತ್ತರವೇ ಇಲ್ಲ. ಪಾರ್ಸೆಲ್ ಬಿಚ್ಚುವಾಗ ಫೋಟೋ ತೆಗೆದಿದ್ದರಿಂದ ನಾನು ಕೊಂಡ ಜಾಲತಾಣದವರು ಅರ್ಧ ದುಡ್ಡು ಕೊಡಿಸಿದರು. ಉಳಿದದ್ದು ಹೋಯಿತು.

ನಿಜವಾಗಿ ಸಿಟ್ಟು ಬಂದದ್ದು ಇನ್ನೊಂದು ವಿಷಯಕ್ಕೆ. ಅಸೋಸಿಯೇಷನ್ ಹಳೆಯ ವರ್ಷದವನ್ನೂ ಈಗಲೂ ತಾನೇ ಮಾರುತ್ತದೆ, 120 ಡಾಲರ್‌ಗಿಂತ ಎಷ್ಟೋ ಕಮ್ಮಿಗೆ. "ಎಲ್ಲೂ ಸಿಗಲ್ಲ" ಅನ್ನುವುದು ಶುದ್ಧ ಸುಳ್ಳು. ಆದ್ದರಿಂದ ಮೊದಲು ಅವರ ಅಂಗಡಿಯಲ್ಲಿ ನೋಡಿ. ಅಲ್ಲಿ ನಿಮ್ಮ ವರ್ಷದ್ದು ಖಾಲಿಯಾಗಿ, ಬೇರೆಯವರ ಹತ್ತಿರ ಕೊಳ್ಳಲೇಬೇಕು ಅಂದರೆ ಅಂಚುಗಳ ಹತ್ತಿರದ ಫೋಟೋ, ಹಿಂಬದಿಯ ಫೋಟೋ, ಪುಸ್ತಕದ ಮುಖಪುಟದ ಫೋಟೋ ಕೇಳಿ. ಕಳಿಸಲು ಹಿಂದೆಮುಂದೆ ನೋಡುವವರ ಹತ್ತಿರ ವ್ಯವಹಾರ ಬೇಡ. ಎಲ್ಲ ಜಾಹೀರಾತಿನಲ್ಲೂ ಒಂದೇ ಫೋಟೋ ಹಾಕಿರುವವರ ಹತ್ತಿರವಂತೂ ಬೇಡವೇ ಬೇಡ.