ಬೇಸ್ ಬಾಕ್ಸ್ ಅಟ್ಟಿಗೆ ಹಗ್ಗವೋ, ರ‍್ಯಾಚೆಟ್ ಬೆಲ್ಟೋ, ಟ್ರಸ್ಸೋ

ಮೊದಲೇ ಹೇಳಿಬಿಡುತ್ತೇನೆ, ಒಂದರ ಮೇಲೊಂದು ಅಟ್ಟಿ ಹಾಕಿದ ಬೇಸ್ ಬಾಕ್ಸ್, ಅಂದರೆ ದಪ್ಪ ಸದ್ದಿನ ದೊಡ್ಡ ಸ್ಪೀಕರ್ ಪೆಟ್ಟಿಗೆ, ಜಾರದಂತೆ ಬಿಗಿಯಲಿಕ್ಕೆ ನನ್ನ ಓಟು ರ‍್ಯಾಚೆಟ್ ಬೆಲ್ಟಿಗೆ. ಲಾರಿಯವರು ಲೋಡು ಬಿಗಿಯಲಿಕ್ಕೆ ಬಳಸುತ್ತಾರಲ್ಲ, ಹಿಡಿ ಆಡಿಸಿ ಬಿಗಿಯುವ ಪಟ್ಟಿ, ಅದೇ. ಹೋದ ಫೆಬ್ರವರಿಯಲ್ಲಿ ಕಾಸರಗೋಡಿನ ಬದಿಯಡ್ಕದ ಹತ್ತಿರ ನಡೆದ ಗಾನಮೇಳದ ಮರುದಿನವೇ 50 ಮಿಲಿಮೀಟರ್ ಅಗಲದ ನಾಲ್ಕು ಬೆಲ್ಟ್ ತಂದೆ, ಒಂದಕ್ಕೆ 650 ರೂಪಾಯಿ.

ಅವತ್ತು ಕೊಯ್ಲು ಮುಗಿದ ಗದ್ದೆಯಲ್ಲಿ ವೇದಿಕೆ. ಎರಡು ಬದಿಗೂ 18 ಇಂಚಿನ ಸ್ಪೀಕರ್ ಇರುವ ಎರಡೆರಡು ಬೇಸ್ ಬಾಕ್ಸ್ ಅಟ್ಟಿ ಹಾಕಿ, ಮೇಲೆ ಟಾಪ್ (ಹಾಡು, ಮಾತು ಕೇಳಿಸುವ ಸ್ಪೀಕರ್) ಇಟ್ಟು, ಎಂದಿನಂತೆ ನೈಲಾನ್ ಹಗ್ಗದಲ್ಲಿ ಬಿಗಿದಿದ್ದೆವು. ಹನ್ನೊಂದು ಗಂಟೆಗೆ ನೋಡುತ್ತೇನೆ, ಎಡಬದಿಯ ಮೇಲಿನ ಬಾಕ್ಸ್ ನಾಲ್ಕು ಬೆರಳಿನಷ್ಟು ಮುಂದೆ ಬಂದಿದೆ. ಅದರೆದುರು ಚಾಪೆ ಹಾಸಿ ಮಕ್ಕಳು ಕೂತಿದ್ದರು. ಹಾಡು ಮುಗಿಯುವ ತನಕ ನಾನೂ ನಮ್ಮ ಹುಡುಗನೂ 50 ಕಿಲೋದ ಬಾಕ್ಸಿಗೆ ಕೈಕೊಟ್ಟು ನಿಂತೆವು. ನೈಲಾನ್ ನೀರು ಹೀರಿದರೆ ಹಿಗ್ಗುತ್ತದೆ. ಮಂಜು ಬಿದ್ದು ಹಗ್ಗ ಸಡಿಲವಾಗಿತ್ತು, ಬೇಸ್ ಹೊಡೆದ ಹಾಗೆಲ್ಲ ಬಾಕ್ಸ್ ಕೂದಲೆಳೆಯಷ್ಟು ಜಾರಿ ಜಾರಿ ಅಲ್ಲಿಗೆ ಬಂದಿತ್ತು. ಗಂಟು ಗಟ್ಟಿ ಇತ್ತು ಎಂದು ನಮ್ಮ ಹುಡುಗ ಇವತ್ತಿಗೂ ಹೇಳುತ್ತಾನೆ, ಅದು ನಿಜವೇ. ಹಿಗ್ಗಿದ್ದು ಹಗ್ಗ.

ಬೆಲ್ಟ್ ಪಾಲಿಯೆಸ್ಟರ್. ಒದ್ದೆಯಾದರೂ ಹಿಗ್ಗುವುದು ತೀರಾ ಕಡಿಮೆ. ಕೆಳಗಿನ ಬಾಕ್ಸಿನ ಅಡಿಯಿಂದ ತಂದು, ಮೇಲಿನದರ ನೆತ್ತಿಯ ಮೇಲೆ ಹಾಯಿಸಿ, ಒಂದೊಂದು ಅಟ್ಟಿಗೆ ಎರಡು ಸುತ್ತು ಹಾಕುತ್ತೇನೆ. ಎರಡು ಬಾಕ್ಸುಗಳ ನಡುವೆ ರಬ್ಬರ್ ಮ್ಯಾಟಿನ ತುಂಡು ಇಡಲೇಬೇಕು, ಬೆಲ್ಟಿನಷ್ಟೇ ಕೆಲಸ ಅದೂ ಮಾಡುತ್ತದೆ.

ಆದರೆ ಈ ಬೆಲ್ಟ್ ಮೊದಲ ಎರಡು ಪ್ರೋಗ್ರಾಮಿನಲ್ಲಿ ನನ್ನ ತಲೆ ಕೆಡಿಸಿತ್ತು. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನ ಪೆಟ್ಟು ಬಿದ್ದಾಗಲೆಲ್ಲ ಬಲಬದಿಯಿಂದ 'ಕಿರ್ರ್' ಎಂಬ ಸದ್ದು. ಸ್ಪೀಕರಿನ ಒಳಗಿನ ತಂತಿಸುರುಳಿ (ಕಾಯಿಲ್) ಉಜ್ಜುತ್ತಿದೆ ಎಂದು ಎದೆ ಧಸಕ್ಕೆಂದಿತು. ಜಾಲರಿ ಬಿಚ್ಚಿ ಎಂಟೂ ಬೋಲ್ಟ್ ಬಿಗಿದೆ. ಕೇಬಲ್ ಬದಲಿಸಿದೆ. ಎಡದ ಬಾಕ್ಸ್ ಬಲಕ್ಕೆ ತಂದಿಟ್ಟೆ, ಆಗಲೂ ಸದ್ದು ಬಲದಲ್ಲೇ! ಒಂದು ಗಂಟೆ ಹೋಯಿತು, ಗಾಯಕರು ಬಂದು ಕಾಯುತ್ತಿದ್ದರು.

ಕೊನೆಗೆ ಹುಡುಗ ಸುಮ್ಮನೆ ರ‍್ಯಾಚೆಟಿನ ಹಿಡಿಯ ಮೇಲೆ ಅಂಗೈ ಇಟ್ಟ. ಸದ್ದು ನಿಂತಿತು. ಕಬ್ಬಿಣದ ಹಿಡಿ ಬಾಕ್ಸಿನ ಮೈಗೆ ತಾಗಿ ನಡುಗುತ್ತಿತ್ತು, ಅಷ್ಟೇ. ಈಗ ರ‍್ಯಾಚೆಟಿನ ಅಡಿಗೆ ಹಳೆ ಸೈಕಲ್ ಟ್ಯೂಬಿನ ಅಂಗೈಯಗಲದ ತುಂಡು ಇಡುತ್ತೇನೆ, ಉಳಿದ ಬೆಲ್ಟಿನ ತುದಿಯನ್ನು ಹಿಡಿಗೆ ಸುತ್ತಿ ಕಟ್ಟುತ್ತೇನೆ. ಬಾಕ್ಸಿಗೆ ತಾಗದೆ ಗಾಳಿಯಲ್ಲಿರುವ ಕಡೆ ಬೆಲ್ಟಿಗೆ ಅರ್ಧ ತಿರುವು ಕೊಟ್ಟರೆ ಪಟಪಟ ಬಡಿಯುವುದೂ ನಿಲ್ಲುತ್ತದೆ. ಯಾವ ಅಂಗಡಿಯವರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಟ್ರಸ್ಸಿಗೆ, ಅಂದರೆ ಎತ್ತರದ ಲೋಹದ ಚೌಕಟ್ಟಿಗೆ, ಬಾಕ್ಸ್ ತೂಗುಹಾಕುವುದನ್ನು ಒಮ್ಮೆ ಬಾಡಿಗೆ ಸೆಟ್ಟಿನಲ್ಲಿ ನೋಡಿದೆ. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಬೇಸ್ ಹೆಚ್ಚುಕಡಿಮೆ ಸಮನಾಗಿ ಸಿಕ್ಕಿತು, ಅದು ಒಪ್ಪತಕ್ಕ ಮಾತು. ಆದರೆ ನೆಲಕ್ಕೆ ಕೂತ ಬಾಕ್ಸಿಗೆ ನೆಲವೇ ಸುಮಾರು 6 ಡೆಸಿಬೆಲ್ ಬಲ ಕೊಡುತ್ತದೆ, ನನ್ನಂಥ ನಾಲ್ಕು ಬಾಕ್ಸಿನವನು ಅದನ್ನು ಯಾಕೆ ಬಿಡಬೇಕು? ಮೇಲಾಗಿ ತೂಗುಹಾಕುವುದು ಬೇರೆಯೇ ವಿದ್ಯೆ. ಹ್ಯಾಂಡಲ್ ಇರುವುದು ಕೈಯಲ್ಲಿ ಎತ್ತಲಿಕ್ಕೆ. ತೂಗುಹಾಕಲೆಂದೇ ಕಂಪನಿ ಕೊಟ್ಟ ಪಾಯಿಂಟ್ ಇಲ್ಲದ ಬಾಕ್ಸನ್ನು ತೂಗಲೇಬಾರದು. ಬಾಕ್ಸನ್ನು ಎರಡು ಕಡೆ ಹಿಡಿದು ತೂಗುವ ಎರಡು ಕಾಲಿನ ಸ್ಲಿಂಗ್ ಅಗಲವಾದಷ್ಟೂ ಎಳೆತ ಏರುತ್ತದೆ. ಅಡ್ಡಗೆರೆಯಿಂದ 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲಿಗೂ ಬಾಕ್ಸಿನ ಪೂರ್ತಿ ಭಾರ ಬೀಳುತ್ತದೆ. ಇನ್ನು ಈ ಬೆಲ್ಟಿನಲ್ಲೇ ಮೇಲೆತ್ತಿಬಿಡೋಣ ಎಂದು ಯಾರಿಗಾದರೂ ಅನಿಸಿದರೆ ದಯವಿಟ್ಟು ಬೇಡ. ಬಿಗಿಯುವ ಬೆಲ್ಟ್ ಎತ್ತುವ ಬೆಲ್ಟಲ್ಲ. ಒಳ್ಳೆಯದರ ಚೀಟಿಯಲ್ಲೇ ಅದು ಅಚ್ಚಾಗಿರುತ್ತದೆ.

ಮೂರು ಬಾಕ್ಸ್ ಎತ್ತರಕ್ಕೆ ನಾನು ಹೋಗುವುದಿಲ್ಲ. ನನ್ನ ಬಾಕ್ಸ್ ಎತ್ತರವೂ ಆಳವೂ 60 ಸೆಂಟಿಮೀಟರ್. ಎರಡರ ಅಟ್ಟಿ ಉರುಳಲು ಸುಮಾರು 26 ಡಿಗ್ರಿ ವಾಲಬೇಕು, ಮೂರರದಕ್ಕೆ 18 ಸಾಕು. ಮೇಲೆ ಟಾಪ್ ಇಟ್ಟರೆ ಇನ್ನೂ ಕಡಿಮೆ. ಗದ್ದೆಯ ಮಣ್ಣು ಒಂದು ಬದಿ ಕುಸಿದರೆ ಬೆಲ್ಟ್ ಏನು ಮಾಡೀತು, ಇಡೀ ಅಟ್ಟಿ ಒಟ್ಟಿಗೇ ಉರುಳುತ್ತದೆ. ಅದಕ್ಕೇ ಅಡಿಗೆ 18 ಮಿಲಿಮೀಟರ್ ಪ್ಲೈವುಡ್ ಹಾಸಿ, ಮಟ್ಟಗೋಲು ಇಟ್ಟು ನೋಡಿಯೇ ಮೊದಲ ಬಾಕ್ಸ್ ಇಳಿಸುತ್ತೇನೆ. ಶಾಮಿಯಾನದ ಕಂಬಕ್ಕೆ ಅಟ್ಟಿಯನ್ನು ಕಟ್ಟುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಗಾಳಿ ಬಂದರೆ ಕಂಬವೇ ಬಾಕ್ಸನ್ನು ಎಳೆದು ಹಾಕುತ್ತದೆ.

ದೊಡ್ಡ ಮೈದಾನ, ತೂಗುಹಾಕುವ ಕೆಲಸ ಕಲಿತ ರಿಗ್ಗರ್, ಕೈಯಲ್ಲಿ ದುಡ್ಡು ಇದ್ದವರು ತೂಗುಹಾಕಲಿ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಒಂದು ಪಿಕಪ್, ಮೂವರು ಹುಡುಗರನ್ನು ಇಟ್ಟುಕೊಂಡು ಓಡಾಡುವ ನನಗೆ 2,600 ರೂಪಾಯಿಯ ಆ ನಾಲ್ಕು ಬೆಲ್ಟೇ ಸರಿ. ಒಂದರ ಅಂಚು ಮೊನ್ನೆ ಹರಿದದ್ದು ಕಂಡಿತು. ಗಂಟು ಹಾಕಿ ಬಳಸದೆ ಕತ್ತರಿಸಿ ಎಸೆದೆ, ಈ ವಾರ ಹೊಸದು ತರಬೇಕು.