ಕಂಬ್ರಿಯಾದಲ್ಲಿ ಮೂರು ದಿನ, ಮಂಡಿನೋವಿನ ಜೊತೆ

ಗುಂಪಿನಲ್ಲಿ ಬೆಟ್ಟ ಹತ್ತುವಾಗ ನಿಧಾನಕ್ಕೆ ನಡೆಯುವವರಿಗೆ ಬಿಡುವೇ ಸಿಗುವುದಿಲ್ಲ. ಮುಂದೆ ಹೋದವರು ಬಂಡೆ ಮೇಲೆ ಕೂತು, ನೀರು ಕುಡಿದು, ಫೋಟೊ ತೆಗೆದಿರುತ್ತಾರೆ. ನಾವು ಏದುಸಿರು ಬಿಡುತ್ತ ಅಲ್ಲಿಗೆ ತಲುಪುವ ಹೊತ್ತಿಗೆ "ಬಂದ್ರಾ? ಸರಿ, ಹೊರಡೋಣ" ಎಂದು ಎದ್ದುಬಿಡುತ್ತಾರೆ. ಹೆಚ್ಚು ದಣಿದವರಿಗೇ ಕಡಿಮೆ ವಿಶ್ರಾಂತಿ. ಬಲಮಂಡಿಯ ಮೂಳೆ ಸವೆದಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಇಂಥ ಗುಂಪುಗಳ ಸಹವಾಸವನ್ನೇ ಬಿಟ್ಟಿದ್ದೆ. ನನಗೀಗ ಐವತ್ತೊಂಬತ್ತು. ಹಾಗಾಗಿ ಮ್ಯಾಂಚೆಸ್ಟರಿನಲ್ಲಿರುವ ಮಗಳು "ಅಮ್ಮಾ, ಮೂರು ರಾತ್ರಿ, ಗೈಡ್ ಜೊತೆ ನಡಿಗೆ, ಇಬ್ಬರಿಗೂ ಬುಕ್ ಮಾಡಿಬಿಟ್ಟೆ" ಅಂದಾಗ ಮೊದಲು ಬಂದದ್ದು ಭಯ.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಕಂಬ್ರಿಯಾದಲ್ಲಿ ಈ ನಡಿಗೆ. ಒಂದು ದಿನ ಕಡಲು, ಒಂದು ದಿನ ಸರೋವರ, ಒಂದು ದಿನ ಬೆಟ್ಟ. ಇಲ್ಲಿನ ಬೆಟ್ಟ, ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್ ಅಂದರೆ ಸಾಮಾನ್ಯವಾಗಿ ಎಲ್ಲರೂ ವಿಂಡರ್ಮಿಯರ್ ಸರೋವರದ ಕಡೆ ಹೋಗಿ, ದೋಣಿಯಲ್ಲಿ ಒಂದು ಸುತ್ತು ಹಾಕಿ ಬರುತ್ತಾರೆ. ಇದು ಪಶ್ಚಿಮದ ಕಡೆ, ಜನ ಕಡಿಮೆ. ಉಳಿದುಕೊಂಡದ್ದು ಕಾಕರ್‌ಮೌತ್ ಎಂಬ ಊರಿನ ಗೆಸ್ಟ್‌ಹೌಸಿನಲ್ಲಿ. ಅಲ್ಲಿಂದ ಕಡಲೂ ಹತ್ತಿರ, ಬಟರ್ಮಿಯರ್ ಸರೋವರವೂ ಹತ್ತಿರ. ಮ್ಯಾಂಚೆಸ್ಟರಿನಿಂದ ಪೆನ್ರಿತ್‌ವರೆಗೆ ರೈಲು, ಅಲ್ಲಿಂದ ಕೆಸ್ವಿಕ್ ಮೇಲೆ ಹೋಗುವ ಬಸ್ಸು. ಕಾರಿಲ್ಲದೆಯೂ ಸಲೀಸಾಗಿ ತಲುಪಬಹುದು. ನಾವು ಹೋದದ್ದು ಜೂನ್ ಎರಡನೇ ವಾರ. ಒಬ್ಬರಿಗೆ 560 ಪೌಂಡ್. ಅದರಲ್ಲಿ ರೂಮು, ಬೆಳಗಿನ ತಿಂಡಿ, ಕಟ್ಟಿಕೊಡುವ ಮಧ್ಯಾಹ್ನದ ಊಟ, ಗೈಡ್, ವ್ಯಾನು ಎಲ್ಲ ಸೇರಿತ್ತು. ರಾತ್ರಿ ಊಟದ ಖರ್ಚು ನಮ್ಮದೇ.

ರೂಮಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಚೊಕ್ಕಟವಾಗಿತ್ತು, ಒದ್ದೆ ಬೂಟು ಒಣಗಿಸಲು ಬೇರೆಯೇ ಒಂದು ಕೋಣೆ ಇತ್ತು. ಈ ಸೀಮೆಯಲ್ಲಿ ಮಂಚ ಮೆತ್ತಗಿರುವುದಕ್ಕಿಂತ ಅಂಥ ಕೋಣೆ ಇರುವುದು ಮುಖ್ಯ.

ಮೊದಲ ದಿನ ಸೇಂಟ್ ಬೀಸ್ ಕಡಲತೀರದಲ್ಲಿ ವ್ಯಾನಿನಿಂದ ಇಳಿದೆವು. ಒಟ್ಟು ಎಂಟು ಜನ. ನಮ್ಮ ಗೈಡ್ ಐವತ್ತು ದಾಟಿದ ಹೆಂಗಸು, ಅದೇ ಕಡೆಯ ಕುರಿ ಸಾಕುವ ಮನೆತನದವರು. ಬೆಟ್ಟಗಳಲ್ಲಿ ಜನರನ್ನು ಕರೆದೊಯ್ಯಲು ಬ್ರಿಟನ್ನಿನಲ್ಲಿ ಕೊಡುವ ಮೌಂಟನ್ ಲೀಡರ್ ಅರ್ಹತೆ ಪಡೆದವರು. ಬುಕ್ ಮಾಡುವಾಗ ಕೇಳಲೇಬೇಕಾದ ಮೊದಲ ಪ್ರಶ್ನೆ ಇದು. ಹೊರಡುವ ಮೊದಲು ಅವರು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಎರಡು ಮಾತಾಡಿದರು. ಫಾರಮ್ಮಿನ ಆರೋಗ್ಯದ ಕಾಲಮ್ಮಿನಲ್ಲಿ ಮಗಳು ನನ್ನ ಮಂಡಿಯ ವಿಷಯ ಬರೆದಿದ್ದಳು. "ಹತ್ತುವಾಗ ನೋವಾ, ಇಳಿಯುವಾಗಲಾ?" ಎಂದು ಕೇಳಿದರು. ಇಳಿಯುವಾಗ ಅಂದೆ. ತಮ್ಮ ಕೈಲಿದ್ದ ಎರಡು ನಡಿಗೆ ಕೋಲುಗಳನ್ನು ನನಗೆ ಕೊಟ್ಟು, ಹತ್ತುವಾಗ ಎಷ್ಟು ಉದ್ದ ಇರಬೇಕು, ಇಳಿಯುವಾಗ ಎಷ್ಟು ಉದ್ದ ಮಾಡಬೇಕು ಎಂದು ತೋರಿಸಿದರು. ಆಮೇಲೆ "ನೀವು ನನ್ನ ಹಿಂದೆಯೇ ಬನ್ನಿ, ಎರಡನೆಯವರಾಗಿ" ಅಂದರು.

ಹಿಂದೆ ಉಳಿಯುವವಳನ್ನು ಎರಡನೆಯ ಜಾಗಕ್ಕೆ ತಂದದ್ದರಿಂದ ಇಡೀ ಗುಂಪಿನ ನಡಿಗೆಯೇ ಬದಲಾಯಿತು. ಗೈಡ್ ನನ್ನ ಉಸಿರಿನ ಸದ್ದು ಕೇಳುತ್ತ ಹೆಜ್ಜೆ ಹಾಕುತ್ತಿದ್ದರು. ಸದ್ದು ಜೋರಾದರೆ ನಿಂತು ಯಾವುದಾದರೂ ಗಿಡವನ್ನೋ ಕಲ್ಲನ್ನೋ ತೋರಿಸುತ್ತಿದ್ದರು. ನಿಂತಾಗ ಎಂಟೂ ಜನಕ್ಕೆ ಒಂದೇ ಅಳತೆಯ ಬಿಡುವು. ಲಂಡನ್ನಿನಿಂದ ಬಂದ ಯುವ ದಂಪತಿಗೆ ಈ ವೇಗ ಸಾಲಲಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವರಂಥವರು ಇದಕ್ಕೆ ಹೋಗಬೇಡಿ ಎಂದೇ ಹೇಳುತ್ತೇನೆ. ನನ್ನಂಥವರಿಗೆ, ಕಾಯಿಲೆಯಿಂದ ಎದ್ದವರಿಗೆ, ನಡೆದು ಅಭ್ಯಾಸ ತಪ್ಪಿದವರಿಗೆ ಮಾತ್ರ ಇಂಥ ಗೈಡ್ ಸಿಗುವುದು ದೊಡ್ಡ ವಿಷಯ.

ಸೇಂಟ್ ಬೀಸ್‌ನಲ್ಲಿ ಮರಳು ದಾಟಿದ ಕೂಡಲೇ ಏರು. ಮೇಲೆ ಹೋದರೆ ಸುಮಾರು 90 ಮೀಟರ್ ಎತ್ತರದ ಕೆಂಪು ಮರಳುಗಲ್ಲಿನ ಬಂಡೆಗೋಡೆ, ಕೆಳಗೆ ಐರಿಶ್ ಸಮುದ್ರ. ದೂರದಲ್ಲಿ ಐಲ್ ಆಫ್ ಮ್ಯಾನ್ ದ್ವೀಪ ಮೋಡದ ತುಣುಕಿನಂತೆ ಕಾಣುತ್ತಿತ್ತು. ಈ ಕಲ್ಲು ಸುಮಾರು 25 ಕೋಟಿ ವರ್ಷಗಳ ಹಿಂದಿನದು, ಒಣನಾಡಿನಲ್ಲಿ ಹರಿಯುತ್ತಿದ್ದ ನದಿಗಳು ತಂದು ಹಾಸಿದ ಮರಳು ಎಂದು ಗೈಡ್ ಹೇಳಿದರು. ಫ್ಲೆಸ್ವಿಕ್ ಎಂಬ ಪುಟ್ಟ ಕೊಲ್ಲಿಗೆ ಇಳಿದಾಗ ಆ ಬಂಡೆಯನ್ನು ಮುಟ್ಟಿ ನೋಡಿದೆ. ಅಲೆ ಕೊರೆದ ಪದರಗಳು ಬೆರಳಿಗೆ ಸಿಗುತ್ತಿದ್ದವು. ಅಲ್ಲಿ ತೀರದ ತುಂಬ ಬಣ್ಣಬಣ್ಣದ ನುಣುಪು ಕಲ್ಲುಗಳು. ಒಂದನ್ನು ಜೇಬಿಗಿಟ್ಟುಕೊಂಡೆ. ಗೈಡ್ ನೋಡಿ, ಅದು ಸಂರಕ್ಷಿತ ತೀರ, ದಯವಿಟ್ಟು ಅಲ್ಲೇ ಬಿಡಿ ಅಂದರು. ವಾಪಸ್ ಇಟ್ಟೆ. ಭರತದ ಹೊತ್ತಿಗೆ ಆ ಕೊಲ್ಲಿಯಿಂದ ಆಚೀಚೆ ತೀರದಲ್ಲೇ ನಡೆದುಹೋದರೆ ನೀರು ಸುತ್ತುಗಟ್ಟುತ್ತದೆ. ಅವರು ಬೆಳಿಗ್ಗೆಯೇ ಅದರ ವೇಳಾಪಟ್ಟಿ ನೋಡಿಟ್ಟುಕೊಂಡಿದ್ದರು.

ಅಲ್ಲಿಂದ ಮುಂದೆ ಕಡಲಹಕ್ಕಿಗಳ ಕೇರಿ. ಬಂಡೆಯ ಅಂಚುಗಳ ಮೇಲೆ, ತೇರು ನೋಡಲು ಮಹಡಿಗಳಲ್ಲಿ ಒತ್ತಿ ನಿಂತ ಜನರ ಹಾಗೆ, ಸಾವಿರಾರು ಗಿಲ್ಲೆಮಾಟ್ ಹಕ್ಕಿಗಳು. ಗೂಡು ಕಟ್ಟುವುದಿಲ್ಲ, ಬರಿಗಲ್ಲಿನ ಮೇಲೇ ಒಂದು ಮೊಟ್ಟೆ. ಮರಿ ಹುಟ್ಟಿ ಮೂರು ವಾರಕ್ಕೆಲ್ಲ, ರೆಕ್ಕೆ ಬಲಿಯುವ ಮೊದಲೇ, ಆ ಎತ್ತರದಿಂದ ಕಡಲಿಗೆ ಜಿಗಿಯುತ್ತದಂತೆ, ಕೆಳಗೆ ಅಪ್ಪ ಹಕ್ಕಿ ಕರೆಯುತ್ತಿರುತ್ತದಂತೆ. ಗದ್ದಲ ಕಿವಿ ತುಂಬಿತ್ತು, ಹಿಕ್ಕೆಯ ಘಾಟು ಮೂಗಿಗೆ ಅಡರುತ್ತಿತ್ತು. ರೆಕ್ಕೆಯಲ್ಲಿ ಬಿಳಿ ಮಚ್ಚೆ, ಕೆಂಪು ಕಾಲು ಇರುವ ಕಪ್ಪು ಗಿಲ್ಲೆಮಾಟ್ ಇಂಗ್ಲೆಂಡಿನಲ್ಲಿ ಮರಿ ಮಾಡುವುದು ಇಲ್ಲಿ ಮಾತ್ರ. ಅದನ್ನು ಹುಡುಕಿ ನೋಡಬೇಕು ಎಂದು ದುರ್ಬೀನು ಹಿಡಿದಿದ್ದೆ. ಹತ್ತೇ ನಿಮಿಷಕ್ಕೆ ಹೊರಡಿಸಿದರು, ನನಗೆ ಕಾಣಿಸಲಿಲ್ಲ. ಕಾರಣ, ಬೆಳಿಗ್ಗೆ ಇನ್ನಿಬ್ಬರನ್ನು ಬೇರೆ ಊರಿನಿಂದ ಹತ್ತಿಸಿಕೊಳ್ಳಲು ಹೋಗಿ ನಡಿಗೆ ಶುರುವಾದದ್ದೇ ಹನ್ನೊಂದೂವರೆಗೆ. ಲೈಟ್‌ಹೌಸ್ ದಾಟಿ ಸ್ಯಾಂಡ್‌ವಿತ್ ಹಳ್ಳಿಯಲ್ಲಿ ವ್ಯಾನು ಕಾಯುತ್ತಿತ್ತು, ಅದಕ್ಕೆ ಬೇರೆ ಕೆಲಸವಿತ್ತು. ಜುಲೈ ಮಧ್ಯದ ಹೊತ್ತಿಗೆ ಈ ಹಕ್ಕಿಗಳು ಕಡಲಿಗೆ ಹೊರಟುಹೋಗುತ್ತವೆ. ವರ್ಷದಲ್ಲಿ ಕೆಲವೇ ವಾರ ಸಿಗುವ ನೋಟಕ್ಕೆ ಹತ್ತು ನಿಮಿಷ ಕೊಡುವುದು ಸರಿಯಲ್ಲ. ಇದನ್ನು ಕಂಪನಿಗೂ ಬರೆದು ತಿಳಿಸಿದ್ದೇನೆ.

ಊಟದ ವಿಷಯ ಇನ್ನೊಂದು ದೂರು. ನಾವು ಸಸ್ಯಾಹಾರಿಗಳು ಎಂದು ಫಾರಮ್ಮಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಮೊದಲ ದಿನದ ಪೊಟ್ಟಣದಲ್ಲಿ ಮೀನಿನ ಸ್ಯಾಂಡ್‌ವಿಚ್ ಇತ್ತು. ಬಂಡೆ ಮೇಲೆ ಕೂತು ಬಿಚ್ಚಿದಾಗ ಗೊತ್ತಾಯಿತು. ಗೈಡ್ ಪಾಪ ತಮ್ಮ ಸೇಬು, ಬಿಸ್ಕತ್ತು ಕೊಟ್ಟರು. ಜೊತೆಗೆ ಕೆಂಡಾಲ್ ಮಿಂಟ್ ಕೇಕಿನ ಒಂದು ತುಂಡು. ಹೆಸರು ಕೇಕು, ಆದರೆ ಅದು ಪುದೀನ ಎಣ್ಣೆ ಹಾಕಿ ಗಟ್ಟಿ ಮಾಡಿದ ಸಕ್ಕರೆಯ ಹಲಗೆ. 1953ರಲ್ಲಿ ಎವರೆಸ್ಟ್ ಹತ್ತಿದ ತಂಡ ಇದನ್ನು ಒಯ್ದಿತ್ತು. ಒಂದು ತುಂಡಿಗೆ ಕಾಲಲ್ಲಿ ನಿಜಕ್ಕೂ ಚೈತನ್ಯ ಬಂತು. ಮಿಕ್ಕೆರಡು ದಿನ ಚೀಸ್ ಸ್ಯಾಂಡ್‌ವಿಚ್, ಎರಡು ದಿನವೂ ಅದೇ.

ಎರಡನೇ ದಿನ ಬಟರ್ಮಿಯರ್ ಸರೋವರದ ಸುತ್ತ, ಸುಮಾರು ಏಳು ಕಿಲೋಮೀಟರ್. ಬಹುತೇಕ ಸಮತಟ್ಟು. ಮಂಡಿ ಇದ್ದದ್ದೇ ನೆನಪಾಗಲಿಲ್ಲ. ವ್ಯಾನು ಒಳನಾಡಿಗೆ ತಿರುಗಿದಂತೆ ಗೋಡೆಗಳ ಕೆಂಪು ಕಲ್ಲು ಕಳೆದು ಬೂದು ಕಲ್ಲು ಶುರುವಾಯಿತು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಗೋಡೆಗಳು ಬೆಟ್ಟದ ನೆತ್ತಿವರೆಗೂ ಹತ್ತಿಹೋಗಿದ್ದವು. ಬಟರ್ಮಿಯರ್ ಮತ್ತು ಪಕ್ಕದ ಕ್ರಮಕ್ ವಾಟರ್ ಹಿಂದೆ ಒಂದೇ ಸರೋವರವಾಗಿದ್ದವು. ತೊರೆಗಳು ತಂದು ಸುರಿದ ಮಣ್ಣುಕಲ್ಲು ನಡುವೆ ತುಂಬಿ ಎರಡಾದವು. ಈಗ ಆ ನಡುವಿನ ನೆಲದ ಮೇಲೆ ಹಸು ಮೇಯುತ್ತವೆ. ಇನ್ನೊಂದು ಸಂಗತಿ ಕೇಳಿ ನನಗೆ ಬಹಳ ಖುಷಿಯಾಯಿತು. ಇಷ್ಟೊಂದು ಸರೋವರಗಳಿರುವ ಸೀಮೆಯಲ್ಲಿ ಹೆಸರಿನಲ್ಲೇ "ಲೇಕ್" ಇರುವುದು ಬ್ಯಾಸೆಂತ್‌ವೇಟ್ ಲೇಕ್ ಒಂದಕ್ಕೇ. ಉಳಿದವಕ್ಕೆಲ್ಲ "ಮಿಯರ್", "ವಾಟರ್". ಬೆಟ್ಟದ ಮೇಲಿನ ಸಣ್ಣ ಕೊಳ "ಟಾರ್ನ್", ತೊರೆ "ಬೆಕ್", ಬೆಟ್ಟ "ಫೆಲ್". ಈ ಮೂರೂ ಸಾವಿರ ವರ್ಷದ ಹಿಂದೆ ಬಂದು ನೆಲೆಸಿದ ನಾರ್ಸ್ ಜನ ಬಿಟ್ಟುಹೋದ ಮಾತುಗಳು.

ದಡದಲ್ಲಿ ಒಂದು ಕಡೆ ಬಂಡೆ ಕೊರೆದು ಮಾಡಿದ ಪುಟ್ಟ ಸುರಂಗವಿದೆ. ತಲೆ ಬಗ್ಗಿಸಿ, ಗೋಡೆ ತಡವುತ್ತ, ಕೆಸರಲ್ಲಿ ಕಾಲಿಡುತ್ತ ಆಚೆ ಬಂದರೆ ಎದುರಿಗೆ ಇಡೀ ಸರೋವರ. ಇನ್ನೊಂದು ಕಡೆ ದಡದ ದಾರಿಯನ್ನು ಹಕ್ಕಿಗಳು ಮೊಟ್ಟೆ ಇಡುವ ಕಾಲವೆಂದು ಮುಚ್ಚಿದ್ದರು, ಮೇಲಿನ ದಾರಿ ಹಿಡಿದೆವು.

ಮೂರನೇ ದಿನ ಹೇಸ್ಟಾಕ್ಸ್. 597 ಮೀಟರ್ ಎತ್ತರ. ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್ ಇರುವುದೇ 978 ಮೀಟರ್. ಅಂಕಿ ನೋಡಿ ಸಣ್ಣ ಗುಡ್ಡ ಅಂದುಕೊಂಡಿದ್ದೆ. ಆದರೆ ಗೇಟ್ಸ್‌ಗಾರ್ತ್ ತೋಟದ ಮನೆಯ ಹತ್ತಿರ ಹೊರಡುವ ದಾರಿ ನೂರು ಮೀಟರ್ ಚಿಲ್ಲರೆ ಎತ್ತರದಿಂದಲೇ ಶುರು, ಆದ್ದರಿಂದ ಹೆಚ್ಚುಕಡಿಮೆ ಪೂರ್ತಿ ಬೆಟ್ಟವನ್ನೇ ಹತ್ತಬೇಕು. ಸ್ಕಾರ್ತ್ ಗ್ಯಾಪ್ ಎಂಬ ಕಣಿವೆದಾರಿಯ ನೆತ್ತಿಗೆ ಕಲ್ಲು ಹಾಸಿದ ಹಾದಿ. ಇಪ್ಪತ್ತು ನಿಮಿಷ ನಡಿಗೆ, ಎರಡು ನಿಮಿಷ ಬಿಡುವು. ಹೀಗೇ ಹತ್ತಿದೆ. ಮೇಲೆ ತಲುಪಿದಾಗ ಆಚೆ ಕಡೆಯ ಎನ್ನರ್ಡೇಲ್ ಕಣಿವೆ ಅರೆಗಳಿಗೆ ಕಂಡು ಮೋಡದಲ್ಲಿ ಮುಳುಗಿತು. ಗಾಳಿ ಹೇಗಿತ್ತೆಂದರೆ ಕೋಲು ನೆಟ್ಟಗೆ ಊರಲು ಆಗುತ್ತಿರಲಿಲ್ಲ.

ಗೈಡ್ ಬೆನ್ನಚೀಲದಿಂದ ಕಿತ್ತಳೆ ಬಣ್ಣದ ನೈಲಾನಿನ ದೊಡ್ಡ ಚೀಲ ತೆಗೆದರು. ಎಲ್ಲರ ತಲೆ ಮೇಲೆ ಅದನ್ನು ಹರಡಿ, ಅಂಚನ್ನು ಕುಂಡೆಯಡಿ ಸಿಕ್ಕಿಸಿಕೊಂಡು ಕೂರಲು ಹೇಳಿದರು. ಒಂಬತ್ತು ಜನ ಮಂಡಿಗೆ ಮಂಡಿ ತಾಗಿಸಿ ಒಳಗೆ ಕೂತೆವು. ಹೊರಗೆ ಗಾಳಿ ಪಟಪಟ ಹೊಡೆಯುತ್ತಿತ್ತು, ಒಳಗೆ ಎರಡೇ ನಿಮಿಷದಲ್ಲಿ ಉಸಿರಿನಿಂದಲೇ ಬೆಚ್ಚಗಾಯಿತು. ಅಲ್ಲೇ ಫ್ಲಾಸ್ಕಿನ ಚಹಾ ಕುಡಿದೆವು. ಆಗ ಅವರು ಹೇಳಿದರು: "ಇವತ್ತು ನೆತ್ತಿಗೆ ಹೋಗುವುದಿಲ್ಲ. ಮುಂದೆ ಕೈ ಊರಿ ಹತ್ತಬೇಕಾದ ಬಂಡೆಗಳಿವೆ. ಹತ್ತುವುದನ್ನು ನೀವೆಲ್ಲ ಹತ್ತುತ್ತೀರಿ. ಈ ಗಾಳಿಯಲ್ಲಿ, ಒದ್ದೆ ಬಂಡೆಯ ಮೇಲೆ ಎಂಟು ಜನರನ್ನು ಇಳಿಸುವುದು ಇವತ್ತು ನನ್ನ ಕೈಲಾಗದು."

ದಂಪತಿಗೆ ಬೇಸರವಾಯಿತು. ನೆತ್ತಿಗೆಂದೇ ದುಡ್ಡು ಕೊಟ್ಟು ಬಂದದ್ದು ಎಂದು ಹೇಳಿಯೂ ಬಿಟ್ಟರು. ನನಗೋ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಇಳಿಯುವಾಗ ಗೈಡ್ ಹತ್ತಿರ ಸರಿದು ಮೆಲ್ಲಗೆ ಕೇಳಿದೆ, ನನ್ನಿಂದಾಗಿಯೇ ವಾಪಸ್ಸಾ ಅಂತ. ಅವರು ಜೇಬಿನಿಂದ ಗಾಳಿ ಅಳೆಯುವ ಪುಟ್ಟ ಸಾಧನ ತೆಗೆದು ಅಂಕಿ ತೋರಿಸಿದರು. "ಇದಕ್ಕೆ ನಿಮ್ಮ ಮಂಡಿಯ ಪರಿಚಯವಿಲ್ಲ. ನೀವು ಬರದಿದ್ದರೂ ಇಲ್ಲಿಂದಲೇ ತಿರುಗುತ್ತಿದ್ದೆ" ಅಂದರು. ಮಗಳು ಹಿಂದಿನಿಂದ ಕೇಳಿಸಿಕೊಂಡು ನನ್ನ ತೋಳು ಹಿಡಿದುಕೊಂಡಳು. ಕೆಳಗೆ ಬಂದಾಗ ಫ್ಲೀಟ್‌ವಿತ್ ಪೈಕ್ ಬೆಟ್ಟದ ಬುಡದಲ್ಲಿ ಬಿಳಿ ಶಿಲುಬೆಯೊಂದು ಕಂಡಿತು. 1887ರಲ್ಲಿ ಅಲ್ಲಿ ಬಿದ್ದು ತೀರಿಕೊಂಡ ತರುಣಿಯ ನೆನಪಿಗೆ ನೆಟ್ಟದ್ದು.

ದಂಪತಿಯ ಮಾತಿನಲ್ಲೂ ನ್ಯಾಯವಿದೆ. ಪ್ರಚಾರದ ಪುಟದಲ್ಲಿ ಹೇಸ್ಟಾಕ್ಸ್ ನೆತ್ತಿಯ ಫೋಟೊವೇ ದೊಡ್ಡದಾಗಿದೆ. ಹವಾಮಾನ ನೋಡಿಕೊಂಡು ಎಂಬ ಮಾತು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಅದು ಮೇಲೆ ಬರಬೇಕು. ಈ ಬೆಟ್ಟದ ಪಕ್ಕದ ಹಾನಿಸ್ಟರ್ ಕಣಿವೆದಾರಿಯಲ್ಲೇ 2015ರ ಡಿಸೆಂಬರಿನಲ್ಲಿ 24 ತಾಸಿಗೆ 341.4 ಮಿಲಿಮೀಟರ್ ಮಳೆ ಸುರಿದು ಬ್ರಿಟನ್ನಿನ ದಾಖಲೆಯಾಗಿದೆ. ಇಲ್ಲಿ ನೆತ್ತಿಯ ಭರವಸೆಯನ್ನು ಯಾರೂ ಕೊಡಲಾರರು.

ಇಳಿಯುವ ದಾರಿಯಲ್ಲಿ ಹರ್ಡ್‌ವಿಕ್ ಕುರಿಗಳು ಎದುರಾದವು. ತಾಯಿ ಬೂದು, ಮುಖ ಬೆಳ್ಳಗೆ, ಮರಿ ಕಡುಗಪ್ಪು. ಮರಿಗಳು ಕಪ್ಪಾಗಿ ಹುಟ್ಟಿ ವರ್ಷ ಕಳೆದಂತೆ ಬೂದಾಗುತ್ತವೆ. ಮೇಲಿನ ಬಯಲಿಗೆ ಬೇಲಿಯಿಲ್ಲ. ತಮ್ಮ ಪಾಲಿನ ಜಾಗ ಎಲ್ಲಿವರೆಗೆ ಎಂಬುದನ್ನು ಮರಿ ತಾಯಿಯ ಜೊತೆ ನಡೆದೇ ಕಲಿಯುತ್ತದೆ. 2001ರಲ್ಲಿ ಕಾಲುಬಾಯಿ ಜ್ವರ ಬಂದು ಮಂದೆಗಟ್ಟಲೆ ಕೊಲ್ಲಬೇಕಾಗಿ ಬಂದಾಗ ಆ ಕಲಿಕೆಯೂ ಕಡಿದುಹೋಗುವ ಹೆದರಿಕೆ ಇತ್ತು. ಇದನ್ನು ಹೇಳುವಾಗ ನಮ್ಮ ಗೈಡ್ ದನಿ ತಗ್ಗಿತು. ಅವರು ಆ ಮನೆತನದವರು ತಾನೇ.

ಹೋಗುವವರಿಗೆ ಎರಡು ಮಾತು. ಜೀನ್ಸ್, ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈ ಕೊರೆಯುತ್ತದೆ. ಜಾಕೆಟ್ಟಿನಷ್ಟೇ ಮಳೆ ಪ್ಯಾಂಟೂ ಮುಖ್ಯ. ಬೂಟು ಪಾದದ ಗಂಟು ಮುಚ್ಚುವಂಥದ್ದಿರಲಿ, ಮೊದಲೇ ಒಂದೆರಡು ವಾರ ಹಾಕಿ ಪಳಗಿಸಿ. ಜರಿಗಿಡಗಳ ನಡುವೆ ನಡೆದ ದಿನ ರಾತ್ರಿ ಮೈಮೇಲೆ ಉಣ್ಣೆಹುಳು ಹತ್ತಿದೆಯಾ ನೋಡಿಕೊಳ್ಳಿ. ಬಟರ್ಮಿಯರಿನಲ್ಲಿ ನಮ್ಮ ಮೊಬೈಲುಗಳಿಗೆ ಸಿಗ್ನಲ್ಲೇ ಸಿಗಲಿಲ್ಲ, ಮನೆಯವರಿಗೆ ಮೊದಲೇ ಹೇಳಿಬಿಡಿ.

ಮಗಳು ಸೆಪ್ಟೆಂಬರಿಗೆ ಮತ್ತೆ ಬುಕ್ ಮಾಡಿದ್ದಾಳೆ, ಅದೇ ಗೈಡ್ ಬೇಕೆಂದು ಕೇಳಿ. "ಅಮ್ಮಾ, ಈ ಸಲ ಮಂಡಿ ವಿಷಯ ಬರೀಬೇಕಾ?" ಅಂತ ಕೇಳಿದಳು. ಬರಿ ಅಂದೆ, ಇಳಿಯುವಾಗ ಮಾತ್ರ ನೋವು ಅಂತ ಬರಿ. ಮೀನು ಕೂಡ ತಿನ್ನುವುದಿಲ್ಲ ಅಂತಲೂ ಬರಿ.