ಸಣ್ಣ ಟ್ರ್ಯಾಕ್ಟರಿಗೆ ಬ್ಯಾಕ್‌ಹೋ: ಮೂರು ಮಳೆಗಾಲ ದುಡಿಸಿದ ಮೇಲೆ

ನಮ್ಮ ಅಡಿಕೆ ತೋಟ ಇರುವುದು ಸಾಗರ ತಾಲೂಕಿನಲ್ಲಿ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಜುಲೈ ಬಂತೆಂದರೆ ಎರಡೂ ಕಡೆಯ ನೀರು ತೋಟಕ್ಕೇ ಇಳಿಯುತ್ತದೆ. ಮರದ ಸಾಲುಗಳ ನಡುವೆ ನೀರು ಬಸಿಯಲು ತೋಡುವ ಕಾಲುವೆಗೆ ನಾವು ಕಪ್ಪು ಅನ್ನುತ್ತೇವೆ. ಕಪ್ಪಿನಲ್ಲಿ ಹೂಳು ತುಂಬಿತೋ, ಬೇರು ನೀರಲ್ಲೇ ನಿಲ್ಲುತ್ತದೆ. ಆಮೇಲೆ ಅಣಬೆ ರೋಗ ಬರುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ. ಅಪ್ಪಯ್ಯ ನೆಟ್ಟ ಮರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ನಾನು ಹಾಗೆಯೇ ಕಳೆದುಕೊಂಡಿದ್ದೇನೆ.

ಮೊದಲೆಲ್ಲ ಕಪ್ಪು ಹೆರೆಯುವ ಕೆಲಸಕ್ಕೆ ಆಳುಗಳು ಸಿಗುತ್ತಿದ್ದರು. ಈಗ ಸಿಗುವುದು ಕಷ್ಟ, ಸಿಕ್ಕರೂ ಮಳೆಗೆ ಮುಂಚೆ ಎಲ್ಲರ ತೋಟಕ್ಕೂ ಅವರೇ ಬೇಕು. ಒಂದು ವರ್ಷ ಜೆಸಿಬಿ ಕರೆಸಿದೆ. ಎಂಟು ಟನ್ ಹತ್ತಿರ ತೂಗುವ ಯಂತ್ರ ಅದು. ನಮ್ಮಲ್ಲಿ ಮರದಿಂದ ಮರಕ್ಕೆ 9 ಅಡಿ. ಅಂಚಿನ ಅಗಳ ತೋಡಿದ್ದಷ್ಟೇ, ಒಳಗೆ ಹೋಗಲು ಆಗಲಿಲ್ಲ. ಅದು ಓಡಾಡಿದ ಜಾಗದಲ್ಲಿ ಮಣ್ಣು ಎಷ್ಟು ಗಟ್ಟಿಯಾಯಿತೆಂದರೆ, ಮುಂದಿನ ಮಳೆಗಾಲ ಪೂರ್ತಿ ಚಕ್ರದ ಗುರುತಿನಲ್ಲಿ ನೀರು ನಿಂತೇ ಇತ್ತು. ತೋಟದ ಒಳಗೆ ಭಾರದ ಯಂತ್ರ ಬೇಡ ಅಂತ ಆಗಲೇ ತೀರ್ಮಾನ ಮಾಡಿದೆ.

ನನ್ನ ಹತ್ತಿರ 28 ಎಚ್‌ಪಿಯ ಫೋರ್ ವೀಲ್ ಡ್ರೈವ್ ತೋಟದ ಟ್ರ್ಯಾಕ್ಟರ್ ಇತ್ತು. ಕುಬೋಟಾ ಬಿ2741, ಜಾನ್ ಡಿಯರ್ 3028 ಇಎನ್, ಮಹೀಂದ್ರಾ ಜೀವೋ ಇಂಥವನ್ನು ನೀವು ನೋಡಿರುತ್ತೀರಿ, ಆ ಗಾತ್ರದ್ದು. ಇದರ ಹಿಂದೆ ಅಗೆಯುವ ತೋಳು ಕೂರಿಸಿದರೆ ಹೇಗೆ ಅಂತ ಹುಡುಕತೊಡಗಿದೆ. ಮಾರುವವರು ಇದಕ್ಕೆ ಬ್ಯಾಕ್‌ಹೋ ಅನ್ನುತ್ತಾರೆ. ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇದು ಮಿನಿ ಜೆಸಿಬಿ.

ಹುಡುಕುವಾಗ ನಾನು ಎಲ್ಲರಿಗೂ ಕೇಳುತ್ತಿದ್ದ ಮೊದಲ ಪ್ರಶ್ನೆ: ಎಷ್ಟು ಅಡಿ ಆಳ ಅಗೆಯುತ್ತದೆ? ಮಾರುವವರೂ ಅದನ್ನೇ ದೊಡ್ಡದಾಗಿ ಹೇಳುತ್ತಾರೆ. ಮೂರು ಮಳೆಗಾಲ, 490 ಗಂಟೆ ದುಡಿಸಿದ ಮೇಲೆ ಹೇಳುತ್ತೇನೆ, ಮೊದಲು ಕೇಳಬೇಕಾದ್ದು ಅದಲ್ಲ. ಟ್ರ್ಯಾಕ್ಟರಿಗೆ ಇದನ್ನು ಹೇಗೆ ಕಟ್ಟುತ್ತೀರಿ ಅಂತ ಕೇಳಬೇಕು.

ಕೊಳ್ಳುವ ಮುಂಚೆ ಒಂದು ವರ್ಕ್‌ಶಾಪಿನವರು ತಮ್ಮ ಯಂತ್ರವನ್ನು ಎರಡು ದಿನ ಪರೀಕ್ಷೆಗೆ ಕೊಟ್ಟಿದ್ದರು. ನೇಗಿಲು, ರೋಟವೇಟರ್ ಸಿಕ್ಕಿಸುವ ಅದೇ ಮೂರು ಕೊಂಡಿಗೆ ಸಿಕ್ಕಿಸುವ ಮಾದರಿ. ಹತ್ತು ನಿಮಿಷದಲ್ಲಿ ಹಾಕಬಹುದು, ಹತ್ತು ನಿಮಿಷದಲ್ಲಿ ತೆಗೆಯಬಹುದು. ನನಗೂ ಇಷ್ಟವಾಯಿತು. ಮೊದಲ ದಿನ ಮೆತ್ತನೆ ಮಣ್ಣಿನಲ್ಲಿ ಚೆನ್ನಾಗಿಯೇ ಅಗೆಯಿತು. ಎರಡನೇ ದಿನ ಬೇಲಿಯ ಪಕ್ಕ ಹಳೆಯ ಹಲಸಿನ ಬೇರಿಗೆ ಬಕೆಟ್ಟಿನ ಹಲ್ಲು ಸಿಕ್ಕಿಕೊಂಡಿತು. ಲಿವರ್ ಮೇಲೆ ಇದ್ದವನು ನಮ್ಮ ಮನೆಯ ಹುಡುಗ. ಅವನು ಬಕೆಟ್ ಎಳೆದ. ಬೇರು ಜಗ್ಗಲಿಲ್ಲ. ಅದರ ಬದಲು ಇಡೀ ಫ್ರೇಮು ಕೊಂಡಿಯ ಪಿನ್ನಿನ ಮೇಲೆ ಎದ್ದು ಮಡಚಿಕೊಳ್ಳಲು ಶುರುವಾಯಿತು. ಅವನು ಕೂತ ಸೀಟು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಕಡೆಗೆ ಒರಗುತ್ತಾ ಹೋಯಿತು. ಅವನ ಬೆನ್ನಿಗೂ ಕಬ್ಬಿಣಕ್ಕೂ ಒಂದು ಗೇಣು ಉಳಿದಾಗ ಲಿವರ್ ಕೈಬಿಟ್ಟ. ಫ್ರೇಮು ಧಪ್ಪನೆ ಕೆಳಗೆ ಬಿತ್ತು. ಅವನು ಇಳಿದು ಬಂದು ಏನೂ ಮಾತಾಡದೆ ಕಟ್ಟೆಯ ಮೇಲೆ ಕೂತ. ನನ್ನ ಕೈಯೂ ನಡುಗುತ್ತಿತ್ತು. ಸಂಜೆಯೇ ಯಂತ್ರ ವಾಪಸ್ ಕಳಿಸಿದೆ.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ಮೂರು ಕೊಂಡಿ ಇರುವುದು ಉಪಕರಣವನ್ನು ಎತ್ತಲು, ಇಳಿಸಲು. ಟ್ರ್ಯಾಕ್ಟರಿನ ಹೈಡ್ರಾಲಿಕ್ ತೋಳು ಮೇಲಕ್ಕೆ ಎತ್ತುತ್ತದೆ, ಆದರೆ ಕೆಳಕ್ಕೆ ಒತ್ತಿ ಹಿಡಿಯುವುದಿಲ್ಲ. ಅಗೆಯುವಾಗ ಬಕೆಟ್ಟಿನ ಬಲ ತಿರುಗಿ ಕೊಂಡಿಗೇ ಬರುತ್ತದೆ. ತಡೆಯಲು ಬಿಗಿಯಾದ ಆಸರೆ ಇಲ್ಲದಿದ್ದರೆ ಫ್ರೇಮು ಮೇಲಕ್ಕೆ ಮಡಚಿಕೊಳ್ಳುತ್ತದೆ. ಮೇಲಿನ ಕೊಂಡಿ ತೆಗೆದು ಗಟ್ಟಿ ಪಟ್ಟಿ ಹಾಕಿ ಬಿಗಿ ಮಾಡುವವರೂ ಇದ್ದಾರೆ. ಆಗ ಮಡಚುವುದು ಕಡಿಮೆಯಾಗುತ್ತದೆ ನಿಜ. ಆದರೆ ಆ ಬಲವೆಲ್ಲ ಟ್ರ್ಯಾಕ್ಟರಿನ ಹಿಂಬದಿಯ ಎರಕದ ಕಬ್ಬಿಣದ ಮೇಲೆ ಬೀಳುತ್ತದೆ. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಗೇರ್‌ಬಾಕ್ಸಿನ ಹೌಸಿಂಗ್ ಬಿರುಕು ಬಿಟ್ಟರೆ ಆ ರಿಪೇರಿಯ ಖರ್ಚು ಯಾರಿಗೂ ಬೇಡ.

ಸರಿಯಾದದ್ದು ಸಬ್‌ಫ್ರೇಮ್. ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ, ಹಿಂದಿನ ಆಕ್ಸಲ್‌ನಿಂದ ಮುಂದಿನವರೆಗೆ ಹೋಗುವ ಎರಡು ಉದ್ದದ ಕಬ್ಬಿಣದ ಪಟ್ಟಿ. ಬ್ಯಾಕ್‌ಹೋ ಅದಕ್ಕೆ ಪಿನ್ನಿನಿಂದ ಕೂರುತ್ತದೆ. ಅಗೆಯುವ ಬಲ ಒಂದೇ ಜಾಗಕ್ಕೆ ಬೀಳದೆ ಇಡೀ ಟ್ರ್ಯಾಕ್ಟರಿಗೆ ಹಂಚಿಹೋಗುತ್ತದೆ. ನನಗೆ ಇದನ್ನು ಕಟ್ಟಿಕೊಟ್ಟ ಮೆಕ್ಯಾನಿಕ್ ಟ್ರ್ಯಾಕ್ಟರಿನ ಅಳತೆ ತೆಗೆಯಲು ಅರ್ಧ ದಿನ ಅದರ ಅಡಿಯಲ್ಲಿ ಮಲಗಿದ್ದರು. “ಅಣ್ಣಾ, ತೋಳು ಯಾರು ಬೇಕಾದರೂ ಮಾಡ್ತಾರೆ, ಫ್ರೇಮ್ ನಿಮ್ಮ ಗಾಡಿಗೆ ಅಳತೆ ಹಿಡಿದೇ ಆಗಬೇಕು” ಅಂದರು. ಆ ಮಾತಿನ ಬೆಲೆ ನನಗೆ ಪ್ರತಿದಿನ ಗೊತ್ತಾಗುತ್ತದೆ. ಇವತ್ತಿಗೂ ಫ್ರೇಮಿನ ಒಂದು ಬೋಲ್ಟ್ ಸಡಿಲವಾಗಿಲ್ಲ. ಕಟ್ಟಿಸುವ ಮುಂಚೆ ನಿಮ್ಮ ಟ್ರ್ಯಾಕ್ಟರಿನ ಡೀಲರ್ ಹತ್ತಿರ ವಾರಂಟಿ ಬಗ್ಗೆ ಬರಹದಲ್ಲಿ ಕೇಳಿಕೊಳ್ಳಿ. ಬಾಯಿಮಾತು ಸಾಲದು.

ಇದರ ತೊಂದರೆ ಅಂದರೆ, ಹಾಕಿ ತೆಗೆಯಲು ಇಬ್ಬರಿಗೆ ಒಂದು ಗಂಟೆ ಬೇಕು. ಹಾಗಾಗಿ ನಾನು ಫೆಬ್ರುವರಿಯಲ್ಲಿ ಹಾಕಿದರೆ ಮೇ ಕೊನೆಗೆ ತೆಗೆಯುವುದು. ನಡುವೆ ಟ್ರೇಲರ್ ಬೇಕಾದರೆ ಅಕ್ಕಪಕ್ಕದವರ ಗಾಡಿ.

ಎರಡನೆಯದು ಪಂಪು. ಸಣ್ಣ ಟ್ರ್ಯಾಕ್ಟರಿನ ಸ್ವಂತ ಹೈಡ್ರಾಲಿಕ್ಕಿಗೆ ಸೇರಿಸುತ್ತೇವೆ ಅನ್ನುವವರನ್ನು ನಂಬಬೇಡಿ. ತೋಳು ಆಡುತ್ತದೆ, ಆದರೆ ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ, ಎಣ್ಣೆಯೂ ಬೇಗ ಕಾಯುತ್ತದೆ. ಪಿಟಿಒಗೆ, ಅಂದರೆ ಉಪಕರಣ ಓಡಿಸಲು ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿಗೆ, ಬೇರೆ ಪಂಪು, ಬೇರೆ ಎಣ್ಣೆ ಟ್ಯಾಂಕು ಇರಲೇಬೇಕು. ನನ್ನದು ನಿಮಿಷಕ್ಕೆ 540 ಸುತ್ತಿನ ಪಿಟಿಒ, ನಡುವೆ ಮೂರು ಪಟ್ಟು ವೇಗ ಹೆಚ್ಚಿಸುವ ಗೇರ್‌ಬಾಕ್ಸ್, ನಿಮಿಷಕ್ಕೆ 30 ಲೀಟರ್ ಪಂಪು, ಒತ್ತಡ 160 ಬಾರ್. ಟ್ರ್ಯಾಕ್ಟರಿಗೆ ಇದು ಭಾರವೇ ಅಂತ ಲೆಕ್ಕ ಹಾಕುವುದು ಸುಲಭ. ಲೀಟರನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಇಲ್ಲಿ 8 ಕಿಲೋವ್ಯಾಟ್, ಅಂದರೆ ಸುಮಾರು 11 ಎಚ್‌ಪಿ. ಪಂಪು, ಗೇರ್‌ಬಾಕ್ಸಿನಲ್ಲಿ ಪೋಲಾಗುವ ಶಕ್ತಿಯನ್ನು ಸೇರಿಸಿದರೂ 28 ಎಚ್‌ಪಿ ಗಾಡಿಗೆ ಆರಾಮ. ಎಂಜಿನ್ ಶಕ್ತಿ ಇಲ್ಲಿ ಸಮಸ್ಯೆಯೇ ಅಲ್ಲ, ಟ್ರ್ಯಾಕ್ಟರಿನ ತೂಕ ಸಮಸ್ಯೆ.

ಬ್ಯಾಕ್‌ಹೋ ನನ್ನದು 380 ಕೆಜಿ. ಟ್ರ್ಯಾಕ್ಟರ್ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ. ಹಿಂದೆ ಅಷ್ಟು ಭಾರ ನೇತಾಡಿದರೆ ಮುಂದಿನ ಚಕ್ರ ಹಗುರಾಗುತ್ತದೆ. ಮನೆಯಿಂದ ತೋಟಕ್ಕೆ ಇಳಿಯುವ ನಮ್ಮ ದಾರಿ ಕಡಿದು. ವಾಪಸ್ ಏರುವಾಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದೆ ನೇರ ಹೋದದ್ದು ಮೊದಲ ವಾರದಲ್ಲೇ ಆಯಿತು. ಮುಂದೆ 120 ಕೆಜಿ ತೂಕ ಹಾಕಿಸಿದ ಮೇಲೆ ಸರಿಯಾಯಿತು. ಈ ತೂಕದ ಖರ್ಚನ್ನು ಬ್ಯಾಕ್‌ಹೋ ಬೆಲೆಯ ಜೊತೆಗೇ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅಗೆಯುವಾಗ ಗಾಡಿ ಅಲುಗದಿರಲು ಬ್ಯಾಕ್‌ಹೋದ ಎರಡು ಬದಿಯ ಆಸರೆ ಕಾಲು, ಅಂದರೆ ಜಾಕ್ ಊರುತ್ತೇವೆ ಅಲ್ವಾ, ಜಾಸ್ತಿ ಊರಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಕೈಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ. ಚಕ್ರವೇ ಮೇಲಿದ್ದ ಮೇಲೆ ಬ್ರೇಕ್ ಹಿಡಿದು ಏನು ಬಂತು? ಬಕೆಟ್ ಎಳೆದಾಗಲೆಲ್ಲ ಗಾಡಿ ತೋಡಿದ ಗುಂಡಿಯ ಕಡೆಗೆ ಸರಿಯುತ್ತದೆ. ಈಗ ನಾನು ಫೋರ್ ವೀಲ್ ಡ್ರೈವ್ ಹಾಕಿಯೇ ನಿಲ್ಲಿಸುತ್ತೇನೆ. ಆಗ ಬ್ರೇಕಿನ ಹಿಡಿತ ಮುಂದಿನ ಚಕ್ರಕ್ಕೂ ಹೋಗುತ್ತದೆ. ಜಾಕನ್ನು ಟೈರಿನ ಉಬ್ಬು ಸ್ವಲ್ಪ ಕಡಿಮೆಯಾಗುವಷ್ಟೇ ಊರುತ್ತೇನೆ, ಟೈರು ನೆಲ ಬಿಡಬಾರದು.

ಆಳದ ವಿಷಯ. ಕಾಗದದಲ್ಲಿ ನನ್ನದು 7 ಅಡಿ. ಕಪ್ಪಿಗೆ ಬೇಕಾದ್ದು ಎರಡೂವರೆ, ಮೂರು ಅಡಿ. ಇಂಗುಗುಂಡಿಗೆ 5 ಅಡಿ. ತೋಳು ಪೂರ್ತಿ ಚಾಚಿದಾಗ ಬಲವೂ ಇರುವುದಿಲ್ಲ, ತಳವೂ ಸಮ ಬರುವುದಿಲ್ಲ. 7 ಅಡಿಯ ಯಂತ್ರದಲ್ಲಿ ನೆಮ್ಮದಿಯಾಗಿ ಕೆಲಸ ಆಗುವುದು 5 ಅಡಿವರೆಗೆ. ಸಣ್ಣ ಟ್ರ್ಯಾಕ್ಟರಿಗೆ 8–9 ಅಡಿಯ ತೋಳು ಕಟ್ಟಿಸಿದರೆ ತೂಕ ಹೆಚ್ಚುತ್ತದೆ, ಅಷ್ಟೇ.

ಬಕೆಟ್ 18 ಇಂಚಿನದು ಕೊಟ್ಟಿದ್ದರು. ನಾನು 12 ಇಂಚಿನದು ಬೇರೆ ಮಾಡಿಸಿದೆ, ಈಗ ಅದೇ ಯಾವಾಗಲೂ ಇರುತ್ತದೆ. ನಮ್ಮ ಗುಡ್ಡದ ಅಂಚಿನಲ್ಲಿ ಜಲ್ಲಿ ಬೆರೆತ ಗೊಚ್ಚು ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲು. ಅಗಲದ ಬಕೆಟ್ ಅಲ್ಲಿ ಸುಮ್ನೆ ಕೆರೆಯುತ್ತದೆ. ಕಿರಿದಾದರೆ ಅದೇ ಬಲ ಕಡಿಮೆ ಹಲ್ಲುಗಳ ಮೇಲೆ ಬೀಳುತ್ತದೆ, ಹಲ್ಲು ಒಳಗೆ ಹೋಗುತ್ತದೆ. ಮೆತ್ತನೆ ಜಾಗದಲ್ಲಿ ಎರಡೂವರೆ ಅಡಿ ಆಳದ ಕಪ್ಪು ಗಂಟೆಗೆ 50–60 ಅಡಿ ಆಗುತ್ತದೆ. ಗೊಚ್ಚಿನಲ್ಲಿ 25 ಆದರೆ ದೊಡ್ಡದು. ಗಟ್ಟಿ ಜಂಬಿಟ್ಟಿಗೆ ಸಿಕ್ಕಿದರೆ ನಾನು ನಿಲ್ಲಿಸಿಬಿಡುತ್ತೇನೆ. ಅದಕ್ಕೆ ಹಿಟಾಚಿಯೇ ಬೇಕು. ಪ್ರತಿ ಆರು ಅಡಿಗೆ ಜಾಕ್ ಎತ್ತಿ, ಇಳಿದು, ಚಾಲಕನ ಸೀಟಿಗೆ ಹೋಗಿ ಗಾಡಿ ಮುಂದೆ ತರಬೇಕು. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರಿ ಅಂತ ಮೊಣಕಾಲು ಹೇಳುತ್ತದೆ. 9 ಅಡಿ ಅಂತರದಲ್ಲಿ ತೋಳು ಪೂರ್ತಿ ತಿರುಗುವುದೂ ಇಲ್ಲ. ಎರಡು ಮರಗಳ ನಡುವಿನ ಸಂದಿಗೆ ಗುರಿಯಿಟ್ಟು ಮಣ್ಣು ಸುರಿಯುವುದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಆ ಒಂದು ತಿಂಗಳಲ್ಲಿ ನಾಲ್ಕು ಮರದ ಬುಡಕ್ಕೆ ಪೆಟ್ಟಾಯಿತು.

ಈಗ ಕೆಟ್ಟ ಸಂಗತಿಗಳು. ತೋಳು ಮಾಡಿಕೊಟ್ಟವರ ಹೆಸರು ಹೇಳುವುದಿಲ್ಲ. 60 ಗಂಟೆಗೇ ಎಡಗಡೆ ಜಾಕ್ ತಾನಾಗಿ ಇಳಿಜಾರಿನ ಕಡೆ ಕುಸಿಯತೊಡಗಿತು. ಒತ್ತಡ ಹಿಡಿದಿಡುವ ಲಾಕ್ ವಾಲ್ವನ್ನೇ ಹಾಕಿರಲಿಲ್ಲ. ನಾಲ್ಕು ಸಲ ಫೋನ್ ಮಾಡಿದ ಮೇಲೆ “ಎಲ್ಲರಿಗೂ ಹೀಗೇ ಕೊಡೋದು ಸಾರ್” ಅಂದರು. ಇಳಿಜಾರಿನಲ್ಲಿ ಮನುಷ್ಯ ಕೂತು ಕೆಲಸ ಮಾಡುವ ಯಂತ್ರ ಇದು. ಈ ಮಾತು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಎರಡೂ ಜಾಕಿಗೆ ವಾಲ್ವನ್ನು ನಾನೇ ತರಿಸಿ ಹಾಕಿಸಿದೆ. ಕೊಳ್ಳುವಾಗ ಜಾಕ್ ಊರಿಸಿ, ಎಂಜಿನ್ ಆಫ್ ಮಾಡಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ಒಂದು ಇಂಚು ಕುಸಿದರೂ ಹಣ ಕೊಡಬೇಡಿ.

ಎರಡನೇ ಮಳೆಗಾಲದಲ್ಲಿ ಟ್ಯಾಂಕಿನ ಗಾಜಿನಲ್ಲಿ ನೋಡಿದರೆ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಮುಚ್ಚಳದ ಉಸಿರುಗಂಡಿಯಿಂದ ಮಳೆನೀರು ಇಳಿದಿತ್ತು. 45 ಲೀಟರ್ 68 ನಂಬರ್ ಹೈಡ್ರಾಲಿಕ್ ಎಣ್ಣೆ ಪೂರ್ತಿ ಬದಲಿಸಿದೆ. ಈಗ ಆ ಮುಚ್ಚಳಕ್ಕೆ ಹಳೆಯ ಟ್ಯೂಬಿನ ತುಂಡು ಕಟ್ಟುತ್ತೇನೆ, ಕೆಲಸದ ಹೊತ್ತಿಗೆ ತೆಗೆಯುತ್ತೇನೆ. ತೋಳು ಬದಿಗೆ ತಿರುಗುವ ಜಾಗದ ಬುಷ್ 400 ಗಂಟೆಗೆ ಸವೆಯಿತು. ಗ್ರೀಸ್ ನಿಪ್ಪಲ್ ಒಟ್ಟು 22 ಇವೆ. ಬೆಳಿಗ್ಗೆ ಕಾಫಿ ಕುಡಿದು ಮೊದಲು ಮಾಡುವ ಕೆಲಸ ಅವಕ್ಕೆ ಗ್ರೀಸ್ ಹೊಡೆಯುವುದು. ಒಂದು ದಿನ ಬಿಟ್ಟರೂ ಪಿನ್ ಕಿರುಗುಟ್ಟುತ್ತದೆ.

ಪಿಟಿಒ ಶಾಫ್ಟಿಗೆ ಕವರ್ ಇಲ್ಲದೆ ಒಂದು ನಿಮಿಷವೂ ಓಡಿಸಬೇಡಿ. ನಮ್ಮ ಕಡೆ ಕೆಲಸಕ್ಕೆ ಬರುವವರು ಲುಂಗಿ, ಟವೆಲ್‌ನಲ್ಲೇ ಇರುತ್ತಾರೆ. ಅದರ ಅಂಚು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ತೋಳು ಆಡುತ್ತಿರುವಾಗ ಅದು ತಿರುಗುವ ಸುತ್ತಿನೊಳಗೆ ಯಾರೂ ಬರಬಾರದು ಅಂತ ನಮ್ಮಲ್ಲಿ ಕಟ್ಟುನಿಟ್ಟು.

ಹಣದ ಲೆಕ್ಕ: ಫ್ರೇಮು, ಪಂಪು, ಮುಂದಿನ ತೂಕ, ಎರಡನೇ ಬಕೆಟ್ ಎಲ್ಲ ಸೇರಿ ನನಗೆ 3 ಲಕ್ಷದ 40 ಸಾವಿರ ಬಿತ್ತು. ರಿಪೇರಿಗೆ ಇದುವರೆಗೆ 38 ಸಾವಿರ. ಡೀಸೆಲ್ ಗಂಟೆಗೆ ಎರಡೂವರೆ ಲೀಟರ್. ತೋಟ ಎರಡು, ಮೂರು ಎಕರೆ ಇರುವವರು ಇದನ್ನು ಕೊಳ್ಳಬೇಡಿ. ವರ್ಷಕ್ಕೆ ನಾಲ್ಕು ದಿನ ಮಿನಿ ಹಿಟಾಚಿ ಬಾಡಿಗೆಗೆ ತಂದರೆ ಅಗ್ಗ, ಕೆಲಸವೂ ಚುರುಕು. ನಾಲ್ಕೈದು ಮನೆಯವರು ಸೇರಿ ತಂದರೆ ಇದೂ ಆದೀತು. ನನ್ನ 490 ಗಂಟೆಯಲ್ಲಿ ಅರ್ಧ ನೆರೆಯವರ ತೋಟದ್ದೇ.

ಹೋದ ಜುಲೈನಲ್ಲಿ ಮೂರು ದಿನ ಬಿಡದೆ ಹೊಯ್ದಾಗ ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಇಳಿದೆ. ಪ್ರತಿ ಸಾಲಿನ ಕಪ್ಪಿನಲ್ಲೂ ನೀರು ಸದ್ದು ಮಾಡುತ್ತಾ ಓಡುತ್ತಿತ್ತು, ಮರದ ಬುಡದಲ್ಲಿ ಎಲ್ಲೂ ನಿಂತಿರಲಿಲ್ಲ. ಆ ಹುಡುಗನೂ ಜೊತೆಗೆ ಬಂದಿದ್ದ. ಈಗ ನನಗಿಂತ ಅವನೇ ಚೆನ್ನಾಗಿ ಲಿವರ್ ಆಡಿಸುತ್ತಾನೆ. ಈ ಫೆಬ್ರುವರಿಯಲ್ಲಿ ತೋಳು ಕಟ್ಟುವ ಮುಂಚೆ ಫ್ರೇಮಿನ ಎಂಟೂ ಬೋಲ್ಟನ್ನು ಅವನೇ ಒಂದೊಂದಾಗಿ ಬಿಗಿ ನೋಡಿದ.